ಚಿಕ್ಕಮ್ಮನ ತೊಡೆಯ ಮೇಲೆ

ಚಿಕ್ಕಮ್ಮ ಮಗುವಿನ ಉಗುರು ಕತ್ತರಿಸುತ್ತಿದ್ದಳು. ನಿದ್ದೆಯಲ್ಲಿದ್ದಾಗಲೇ ಮುಗಿಸಬೇಕು, ಇಲ್ಲದಿದ್ದರೆ ಬೆರಳೆಲ್ಲ ಮುಷ್ಟಿಯೊಳಗೆ ಮಾಯ. ಒಂದೊಂದು ಚೂರನ್ನೂ ಅಂಗೈಗೆ ಹಾಕಿಕೊಳ್ಳುತ್ತ ಉಸಿರು ಬಿಗಿಹಿಡಿದು ಹತ್ತನ್ನೂ ಮುಗಿಸಿದಳು. ಪಕ್ಕದಲ್ಲೇ ಮಗುವಿನ ತಾಯಿ, ಅವಳ ಅಕ್ಕ, ಆಸ್ಪತ್ರೆಯ ಹಳೆಯ ಚೀಟಿಗಳನ್ನು ಚೀಲಕ್ಕೆ ತುರುಕುತ್ತಿದ್ದಳು. ಇಬ್ಬರೂ ಮಾತು ಬಿಟ್ಟು ಎರಡು ದಿನವಾಗಿತ್ತು.

ಜಗಳ ಹುಟ್ಟಿದ್ದು ಅದರಲ್ಲೊಂದು ಚೀಟಿಯಿಂದಲೇ. ಹೆರಿಗೆಯಾದ ಮೂರನೆಯ ದಿನ ನರ್ಸು ಮಗುವಿನ ಕಿವಿಗೆ ಪುಟ್ಟ ಬಿರಡೆಯಂಥದ್ದನ್ನು ಇಟ್ಟು ನೋಡಿ, ಎರಡೂ ಕಿವಿಯನ್ನು ಇನ್ನೊಮ್ಮೆ ಪರೀಕ್ಷಿಸಬೇಕು, ತಿಂಗಳೊಳಗೆ ಬನ್ನಿ ಎಂದು ಬರೆದುಕೊಟ್ಟಿದ್ದಳು. ಹೋಗಿರಲಿಲ್ಲ. ಬೇಡವೆಂದವಳು ಚಿಕ್ಕಮ್ಮನೇ. ಶಾಲೆ ಅರ್ಧಕ್ಕೆ ಬಿಟ್ಟು ಮನೆಯಲ್ಲಿದ್ದವಳು. ಅಕ್ಕ ಕೆಲಸಕ್ಕೆ ಹೋದರೆ ಮಗು ದಿನವಿಡೀ ಅವಳ ಮಡಿಲಲ್ಲಿ. ಯಾರ ಮುಂದೆಯೂ ಬಾಯಿ ಬಿಡದವಳು ಈ ವಿಷಯದಲ್ಲಿ ಮಾತ್ರ ಪಟ್ಟು ಹಿಡಿದಿದ್ದಳು.

"ಇವನಿಗೆ ಕೇಳ್ಸುತ್ತೆ ಅಕ್ಕ. ಬಾಗಿಲು ಬಡಿದ್ರೆ ತಿರುಗ್ತಾನೆ, ನೋಡು," ಎನ್ನುತ್ತಿದ್ದಳು.

ತಿರುಗುತ್ತಿದ್ದುದು ನಿಜ. ಅದಕ್ಕೇ ಅವನಿಗೆ ಬುಗುರಿ ಎಂದು ಹೆಸರು ಬಿದ್ದಿತ್ತು. ಈಗ ಹನ್ನೊಂದು ತಿಂಗಳು. ಒಂದು ತೊದಲು ಮಾತೂ ಬಂದಿರಲಿಲ್ಲ. ಆ ಚೀಟಿ ಮತ್ತೆ ಕಣ್ಣಿಗೆ ಬಿದ್ದದ್ದೇ, ಆಸ್ಪತ್ರೆಗೆ ಹೋಗಲೇಬೇಕೆಂದು ಅಕ್ಕ ಹಟ ಹಿಡಿದಿದ್ದಳು.

ಆಸ್ಪತ್ರೆಯಲ್ಲಿ ಪರೀಕ್ಷೆಯ ಕೋಣೆಯ ಗೋಡೆಗೆಲ್ಲ ಸ್ಪಂಜು, ಗೇಣು ದಪ್ಪದ ಬಾಗಿಲು. ಎಡಕ್ಕೊಂದು ಬಲಕ್ಕೊಂದು ಸ್ಪೀಕರು. ಪಕ್ಕದ ಕಪ್ಪು ಪೆಟ್ಟಿಗೆಗಳಲ್ಲಿ ಡೋಲು ಬಡಿಯುವ ಗೊಂಬೆ ಕರಡಿ. ಸದ್ದು ಬಂದ ಕಡೆ ಮಗು ತಿರುಗಿದರೆ ಕರಡಿಗೆ ದೀಪ ಹತ್ತುತ್ತದೆ. ಗಾಜಿನಾಚೆ ಯಂತ್ರದ ಮುಂದೆ ಕಿವಿ ಪರೀಕ್ಷೆಯ ಮೇಡಂ, ಅವರ ಪಕ್ಕ ಅಕ್ಕ. ಒಳಗೆ ಬುಗುರಿ ಚಿಕ್ಕಮ್ಮನ ತೊಡೆಯ ಮೇಲೆ. ಬೇರೆಯವರ ಹತ್ತಿರ ಅವನು ಕೂರುವುದಿಲ್ಲ. ಅವನ ಕಣ್ಣು ಮುಂದಕ್ಕೇ ಇರಲೆಂದು ಎದುರಿನ ಸ್ಟೂಲಿನಲ್ಲಿ ರಬ್ಬರ್ ಬಾತುಕೋಳಿ ಹಿಡಿದ ಭಾವ.

ಎಡಗಡೆ ಕುಂಯ್ ಎಂದಿತು. ಬುಗುರಿ ತಿರುಗಿದ. ಕರಡಿ ಡೋಲು ಬಡಿಯಿತು. ಬಲಗಡೆ, ಮೆಲ್ಲಗೆ. ತಿರುಗಿದ. ಇನ್ನೂ ಮೆಲ್ಲಗೆ, ಸೊಳ್ಳೆ ಹಾಡಿದಷ್ಟು. ತಿರುಗಿದ.

"ನನ್ನ ಬಸ್ಸಿನ ಹಾರ್ನಿಗೆ ಎಮ್ಮೆನೂ ಅಲ್ಲಾಡಲ್ಲ. ನನ್ ಮಗನ್ನ ನೋಡಿ ಮೇಡಂ, ಪೊಲೀಸ್ ಇಲಾಖೆಗೆ ಬೇಕು ಇಂಥ ಕಿವಿ!" ಎಂದ ಭಾವ.

ಚಿಕ್ಕಮ್ಮ ಗಾಜಿನಾಚೆಯ ಅಕ್ಕನತ್ತ, ಹೇಗೆ ಎನ್ನುವಂತೆ ಹುಬ್ಬು ಹಾರಿಸಿದಳು.

ಮೇಡಂ ನಗಲಿಲ್ಲ. ಒಳಗೆ ಬಂದು ದೊಡ್ಡ ಹೆಡ್‌ಫೋನು ಕೊಟ್ಟರು.

"ಮೊದ್ಲೇ ಹಾಕಿಸ್ಬೇಕಿತ್ತು, ನನ್ನದೇ ತಪ್ಪು. ಹಾಕ್ಕೋಮ್ಮ. ನಾನು ಬಿಡೋ ಸದ್ದು ನಿನಗೆ ಕೇಳಬಾರದು."

"ಯಾಕೆ ಮೇಡಂ?"

"ಸದ್ದು ಬಂದ ತಕ್ಷಣ ನಿನ್ನ ಮೊಣಕಾಲು ಆ ಕಡೆಗೆ ಒಂಚೂರು ಅಲ್ಲಾಡುತ್ತೆ. ನಿನಗೇ ಗೊತ್ತಾಗಲ್ಲ."

ಕಿವಿ ತುಂಬ ಯಾವುದೋ ಸಿನಿಮಾ ಹಾಡು. ಅವಳು ಮೊಣಕಾಲುಗಳನ್ನು ಕಲ್ಲು ಮಾಡಿಕೊಂಡು ಕೂತಳು. ಬುಗುರಿ ಅವಳ ತೋಳಿನ ಗುಂಡಿ ಚೀಪುತ್ತಿದ್ದ. ಕರಡಿಗೆ ದೀಪ ಹತ್ತಲಿಲ್ಲ. ಮೇಡಂ ಇನ್ನೂ ಶುರು ಮಾಡಿಲ್ಲವೇನೋ ಎಂದುಕೊಂಡಳು.

ಆಗ ಭಾವ ಬೆಚ್ಚಿಬಿದ್ದ. ಬಾತುಕೋಳಿ ಕೈ ಜಾರಿತು. ಮುಖ ಕಿವುಚಿ ಎರಡೂ ಕಿವಿ ಮುಚ್ಚಿಕೊಂಡ.

ಬುಗುರಿ ಬಗ್ಗಿ ನೆಲದ ಮೇಲಿನ ಬಾತುಕೋಳಿಯನ್ನು ನೋಡಿದ. ಆಮೇಲೆ ಕತ್ತೆತ್ತಿ ಚಿಕ್ಕಮ್ಮನ ಮುಖ ನೋಡಿದ, ಈಗ ಯಾವ ಕಡೆ ಎನ್ನುವ ಹಾಗೆ.

ಅವಳು ತನ್ನ ಮೊಣಕಾಲುಗಳನ್ನು ನೋಡಿಕೊಂಡಳು. ಮನೆಯಲ್ಲಿ ಬಾಗಿಲು ಬಡಿದಾಗಲೆಲ್ಲ ಅವನು ಇದ್ದದ್ದು ತನ್ನ ಮಡಿಲಲ್ಲೇ.

ಹೆಡ್‌ಫೋನು ತೆಗೆದಾಗ ಮೇಡಂ ಹೇಳುತ್ತಿದ್ದರು: "ಎರಡೂ ಕಡೆ ಕೇಳೋದು ತುಂಬಾ ಕಮ್ಮಿ ಇದೆ. ಮಲಗಿಸಿ ಇನ್ನೊಂದು ಪರೀಕ್ಷೆ ಮಾಡ್ಬೇಕು. ಕಿವಿಗೆ ಮಿಷಿನ್ ಹಾಕ್ಬಹುದು. ಆವಾಗ್ಲೇ ಬಂದಿದ್ರೆ..."

ಅಕ್ಕ ಒಳಗೆ ಬಂದು ಮಗುವನ್ನು ಎತ್ತಿಕೊಂಡಳು. ಭಾವ ಬಾತುಕೋಳಿಯನ್ನು ಎತ್ತಿ ಒರೆಸುತ್ತ ನಿಂತ, ಒರೆಸುತ್ತಲೇ ಇದ್ದ.

"ಅಕ್ಕಾ, ಬೈಯಿ ನನ್ನನ್ನ," ಎಂದಳು ಚಿಕ್ಕಮ್ಮ.