ಲಿವರಿನಲ್ಲಿ ಉಳಿದ ಕಡ್ಡಿ

ಮೇಷ್ಟ್ರ ಕಾರಿಗೆ ಐವತ್ತೆಂಟು ವರ್ಷ. ಅದರ ಗೇರ್‌ಬಾಕ್ಸಿನ ಬೆನ್ನಿಗೆ ಓವರ್‌ಡ್ರೈವ್ ಎಂಬ ಇನ್ನೊಂದು ಪೆಟ್ಟಿಗೆ ಇತ್ತು. ಟಾಪ್ ಗೇರಿನಲ್ಲಿ ಓಡುವಾಗ ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ ಒತ್ತಿದರೆ ಸಾಕು, ಕಾರಿನ ವೇಗ ಹಾಗೇ ಇದ್ದು ಇಂಜಿನ್ನಿನ ಅಬ್ಬರ ಮಾತ್ರ ತಗ್ಗುತ್ತಿತ್ತು. ಮೇಷ್ಟ್ರು ವಾರಕ್ಕೆರಡು ಸಲ ಹೆಂಡತಿಯನ್ನು ದೂರದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದರು. ಸ್ವಿಚ್ ಒತ್ತಿದ ಸ್ವಲ್ಪ ಹೊತ್ತಿಗೆಲ್ಲ ಆಕೆಗೆ ಜೊಂಪು ಹತ್ತುತ್ತಿತ್ತು.

ಇಂಥ ಪೆಟ್ಟಿಗೆ ಬಿಚ್ಚಿ ಜೋಡಿಸಬಲ್ಲವನು ಊರಿನಲ್ಲಿ ಗೇರಜ್ಜ ಒಬ್ಬನೇ. ಮದುವೆಯಿಲ್ಲ, ಮಕ್ಕಳಿಲ್ಲ, ಆದರೂ ಗಿರಾಕಿಗಳು ಸೇರಿ ಅವನನ್ನು ಅಜ್ಜ ಮಾಡಿಬಿಟ್ಟಿದ್ದರು. ಗ್ಯಾರೇಜಿನ ವೈರಿಂಗ್ ಕೆಲಸವೆಲ್ಲ ಅವನ ತಂಗಿಯದು.

ಒಂದು ದಿನ ಸ್ವಿಚ್ ಆರಿಸಿದರೂ ಓವರ್‌ಡ್ರೈವ್ ಬಿಡಲಿಲ್ಲ. ಮೇಷ್ಟ್ರು ಕಾರು ತಂದರು.

"ಹೀಗೆ ಕಚ್ಚಿಕೊಂಡಿರುವಾಗ ಅಪ್ಪಿತಪ್ಪಿಯೂ ರಿವರ್ಸ್ ಹಾಕ್ಬೇಡಿ ಮೇಷ್ಟ್ರೆ. ಒಳಗಿನ ಕ್ಲಚ್ ಪುಡಿಪುಡಿ ಆಗುತ್ತೆ," ಎಂದ ಗೇರಜ್ಜ.

ಮರುದಿನ ಆಯಿಲ್ ಇಳಿಸಿ, ಫಿಲ್ಟರ್ ತೊಳೆದ. ದೋಷ ಇದ್ದದ್ದು ಪೆಟ್ಟಿಗೆಯ ಪಕ್ಕ, ಓವರ್‌ಡ್ರೈವ್ ಹಾಕಿ ಬಿಡಿಸುವ ಲಿವರಿನಲ್ಲಿ. ಅದರ ತೂತಿಗೆ ಬೆರಳುದ್ದದ ಉಕ್ಕಿನ ಕಡ್ಡಿ ತೂರಿಸಿ, ಲಿವರನ್ನು ಹಾಕಿದ ಸ್ಥಾನದಲ್ಲೇ ಅಲುಗದಂತೆ ಹಿಡಿದು ಬೋಲ್ಟ್ ಬಿಗಿಯಬೇಕು. ಆಮೇಲೆ ಕಡ್ಡಿ ಕೀಳಬೇಕು. ಬಿಗಿಯುತ್ತಿರುವಾಗಲೇ ಮೇಷ್ಟ್ರು ಬಂದರು.

"ಇವತ್ತು ಬೇಗ ಬರೋಕೆ ಹೇಳಿದ್ದಾರೆ. ಇವಳು ಆಗಲೇ ರೆಡಿಯಾಗಿ ಕೂತಿದ್ದಾಳೆ. ಆಯ್ತಾ?"

"ಆಯ್ತು, ಆಯ್ತು. ತಗೊಂಡು ಹೋಗಿ."

ಯಾವ ಕಾರನ್ನೂ ತಾನೊಮ್ಮೆ ಓಡಿಸಿ ನೋಡದೆ ಗೇರಜ್ಜ ಕೊಟ್ಟವನಲ್ಲ. ಅವತ್ತು ಕೊಟ್ಟ.

ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಹೊರಡಲೆಂದು ಕಾರನ್ನು ಹಿಂದಕ್ಕೆ ತೆಗೆದಾಗ ಕೆಳಗೆ ಏನೋ ಮುರಿದ ಸದ್ದಾಗಿ ಹಿಂದಿನ ಚಕ್ರಗಳು ಕಚ್ಚಿಕೊಂಡಿದ್ದವು. ಹೋದವಳು ತಂಗಿ. ಕಾರಿನ ಕೆಳಗೆ ಅಂಗಾತ ಮಲಗಿ ಟಾರ್ಚ್ ಬಿಟ್ಟರೆ, ಕಡ್ಡಿ ಲಿವರಿನಲ್ಲೇ ಇತ್ತು. ಅಂದರೆ ಬೆಳಗಿನಿಂದ ಓವರ್‌ಡ್ರೈವ್ ಬಿಟ್ಟೇ ಇರಲಿಲ್ಲ. ಕಡ್ಡಿ ಕಿತ್ತು ಜೇಬಿಗೆ ಹಾಕಿಕೊಂಡು ಎದ್ದಳು.

"ಹಳೇ ಸಾಮಾನು ಮೇಷ್ಟ್ರೆ. ಒಳಗೆ ಸವೆದಿತ್ತು ಅನ್ಸುತ್ತೆ."

ಮೇಷ್ಟ್ರ ಹೆಂಡತಿ ಬೆಂಚಿನ ಮೇಲೆ, ಪಟ್ಟಿ ಕಟ್ಟಿದ ತೋಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಅದಕ್ಕೂ ನನ್ನ ಹಾಗೇ ಆಯ್ತಲ್ಲ," ಎಂದು ನಕ್ಕರು. ತಂಗಿಗೆ ಅವರ ಮುಖ ನೋಡಲಾಗಲಿಲ್ಲ.

ಪೆಟ್ಟಿಗೆಯ ಒಳಗೆ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಕೊನೆಗೆ ಓವರ್‌ಡ್ರೈವ್ ಇಲ್ಲದ ಬೇರೊಂದು ಗೇರ್‌ಬಾಕ್ಸ್ ಹುಡುಕಿ ಕೂರಿಸಿದರು. ಕಾರು ಓಡಿತು, ಆದರೆ ದಾರಿಯುದ್ದಕ್ಕೂ ಅರಚುತ್ತ.

ವಾರ ಕಳೆದ ಮೇಲೆ ಗೇರಜ್ಜ ಕೇಳಿದ, "ನನ್ನ ಕಡ್ಡಿ ನೋಡಿದ್ಯಾ?"

"ಬೆಂಚಿನ ಕೆಳಗೆ ಬಿದ್ದಿತ್ತಣ್ಣ, ಎತ್ತಿಟ್ಟಿದ್ದೀನಿ."

"ಬೆಂಚಿನ ಕೆಳಗೆ ಮೂರು ಸಲ ಗುಡಿಸಿದ್ದೀನಿ ಕಣೆ."

ತಂಗಿ ಕಡ್ಡಿ ತಂದು ಅವನ ಕೈಗಿಟ್ಟಳು. ಅವನು ಟೈರಿನ ಮೇಲೆ ಕೂತ.

"ತಪ್ಪು ಯಾರಿಂದಲೂ ಆಗುತ್ತೆ. ಅದನ್ನ ನನಗೇ ಹೇಳೋಕೆ ಹೆದರಿದ್ಯಲ್ಲ, ಅಷ್ಟು ಮುದುಕನಾಗ್ಬಿಟ್ನಾ ನಾನು?"

ಕೈ ತೊಳೆದು ನೇರ ಮೇಷ್ಟ್ರ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೇಷ್ಟ್ರು ಬೈಯಲಿಲ್ಲ. "ಗೊತ್ತಾಗದಿದ್ರೇ ಚೆನ್ನಾಗಿತ್ತು. ಕಾರಿಗೆ ವಯಸ್ಸಾಯ್ತು ಅಂದ್ಕೊಂಡು ಸಮಾಧಾನವಾಗಿದ್ದೆ," ಎಂದರು. ಆಮೇಲೆ ಅವರ ಕಾರು ಆ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ.

ಆರು ತಿಂಗಳಿಗೆ ಮೇಷ್ಟ್ರ ಹೆಂಡತಿ ತೀರಿಕೊಂಡರು. ಅಣ್ಣ ತಂಗಿ ಇಬ್ಬರೂ ಹೋದರು. ಮೇಷ್ಟ್ರು ಕುರ್ಚಿ ಕೊಟ್ಟರು, ಬಂದವರಿಗೆಲ್ಲ ಹೇಳಿದಂತೆ ಇವರಿಗೂ ಕೊನೆಯ ದಿನದ ಕಥೆ ಹೇಳಿದರು.

ಅವನು ಮತ್ತೆ ಯಾವ ಕಾರಿನ ಕೆಳಗೂ ಮಲಗಲಿಲ್ಲ. ಈಗ ಗೇರ್‌ಬಾಕ್ಸೂ ತಂಗಿಯ ಪಾಲಿಗೆ ಬಂದಿದೆ. ತಿಳಿಯದ್ದನ್ನು ಕೇಳಿದರೆ ಹೇಳುತ್ತಾನೆ; ಕೇಳದಿದ್ದರೆ ಇಲ್ಲ.