ಧೊಂಡಿಬಾನ ಫೋಟೊ

ಭಾಲ್ಕಿಯಲ್ಲಿ ಮಾಜಿ ಸೈನಿಕರ ಸನ್ಮಾನ ಮುಗಿದಿತ್ತು. ಮಚ್ಛೇಂದ್ರ ಶಾಲು ಮಡಿಚಿ ಚೀಲಕ್ಕೆ ಹಾಕುತ್ತಿದ್ದಾಗ ಕಾಲೇಜು ಹುಡುಗಿಯೊಬ್ಬಳು ಹತ್ತಿರ ಬಂದು ನಿಂತಳು.

"ಕಾಕಾ, ಎಪ್ಪತ್ತೊಂದರ ಲಡಾಯಿದಾಗ ನೀವು ಫೋಟೊ ತೆಗಿತಿದ್ರಿ ಅಂತ ಮೈಕಿನ್ಯಾಗ ಹೇಳಿದ್ರು. ಧೊಂಡಿಬಾ ಅನ್ನೋರು ನೆನಪದಾರೇನ್ರಿ? ಔರಾದ ಕಡಿಯವರು."

ಮಚ್ಛೇಂದ್ರರ ಕೈ ಚೀಲದ ಜಿಪ್ಪಿನ ಮೇಲೆಯೇ ನಿಂತಿತು. "ನೀ ಯಾರವ್ವ?"

"ಕಾಜಲ ಅಂತ್ರಿ. ಧೊಂಡಿಬಾ ನಮ್ಮ ಆಯಿಗೆ, ಅಂದ್ರ ನಮ್ಮಪ್ಪನ ಅವ್ವಗ, ಅಣ್ಣ ಆಗಬೇಕು. ಅವರು ಬರೆದ ಕಟ್ಟಕಡಿ ಕಾಗದದಾಗ, ಬೀದರದ ಮಚ್ಛೇಂದ್ರ ನನ್ನ ಫೋಟೊ ತೆಗದಾನ, ಮನಿಗೆ ಕಳಸ್ತಾನ ಅಂತ ಅದರಿ. ಅದು ಬರಲೇ ಇಲ್ಲ. ಆಯಿ ಇನ್ನೂ ಕೇಳ್ತಾಳ."

"ಈ ಐತವಾರ ನಾನೇ ನಿಮ್ಮ ಮನಿಗೆ ಬರ್ತೇನಿ ಅಂತ ಹೇಳು," ಎಂದರು ಮಚ್ಛೇಂದ್ರ. ಫೋಟೊ ಇದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಬೀದರಕ್ಕೆ ಮರಳುವ ಬಸ್ಸಿನಲ್ಲಿ ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಎಪ್ಪತ್ತೇಳು ವರ್ಷದ ಮನುಷ್ಯ. ಸೈನ್ಯ ಬಿಟ್ಟ ಮೇಲೆ ಗಾಂಧಿ ಗಂಜದ ಹತ್ತಿರ ಸ್ಟುಡಿಯೊ ಇಟ್ಟು, ಸಾವಿರಾರು ಮದುವೆಗಳ, ಲೆಕ್ಕವಿಲ್ಲದಷ್ಟು ಮಕ್ಕಳ ಮುಖ ತೆಗೆದವರು. ಯುದ್ಧದ ಕಥೆ ಹೇಳು ಎಂದರೆ ಹೇಳುತ್ತಿದ್ದರು. ಈ ಒಂದು ಸಂಗತಿಯನ್ನು ಮಾತ್ರ ಹೆಂಡತಿ ಜಿಜಾಬಾಯಿಗೂ ಹೇಳಿರಲಿಲ್ಲ. ಅಂದು ಬೀದರದ ಮೈಲೂರು ಬಡಾವಣೆಯ ಮನೆಯಲ್ಲಿ ಚಹಾ ಆರುವವರೆಗೂ ಕೂತು ಆಕೆಗೆ ಹೇಳಿದರು.

ಆಗ ಅವರಿಗೆ ಇಪ್ಪತ್ತಮೂರು. ಸೈನ್ಯದ ಫೋಟೊಗ್ರಾಫರ್ ಆಗಿ ಪೂರ್ವದ ಗಡಿ ದಾಟಿದ್ದರು. ಕೊರಳಲ್ಲಿ ಕ್ಯಾಮೆರಾ, ಸೊಂಟದ ಚೀಲದಲ್ಲಿ ಪ್ಲಾಸ್ಟಿಕ್ ಸುತ್ತಿದ ರೀಲುಗಳು. ಒಂದು ರೀಲಿಗೆ ಮೂವತ್ತಾರು ಫೋಟೊ. ಮುಗಿದರೆ ಇದ್ದಲ್ಲಿಯೇ ಕೂತು, ಕ್ಯಾಮೆರಾದ ಬೆನ್ನು ತೆರೆದು, ಹೊಸದನ್ನು ಹಾಕಬೇಕು. ಮನೆಯಲ್ಲಾದರೆ ಅರ್ಧ ನಿಮಿಷದ ಕೆಲಸ. ಗುಂಡು ಹಾರುವಲ್ಲಿ ಬೆರಳು ನಡುಗಿ ಫಿಲ್ಮಿನ ತುದಿ ಸೀಳಿನಲ್ಲಿ ಕೂರುತ್ತಲೇ ಇರಲಿಲ್ಲ. ಮರಳಿನ ಒಂದು ಕಣ ಒಳಗೆ ಹೋದರೆ ಇಡೀ ರೀಲಿಗೆ ಗೀರು. ಏನು ಮೂಡಿದೆ, ಏನು ಮೂಡಿಲ್ಲ ಎಂಬುದು ತೆಗೆದವನಿಗೂ ಗೊತ್ತಾಗುತ್ತಿರಲಿಲ್ಲ. ರೀಲು ಹಿಂದಿನ ಠಾಣೆಗೆ ಹೋದ ಮೇಲೆ ಅದನ್ನು ತೊಳೆದು ಫೋಟೊ ಮಾಡಿಸಿ, ಅಧಿಕಾರಿಗಳು ನೋಡಿ ಇಟ್ಟುಕೊಳ್ಳುತ್ತಿದ್ದರು.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಬಲಗಣ್ಣು ಕ್ಯಾಮೆರಾಕ್ಕೆ ಅಂಟಿದಾಗ ಎಡಗಣ್ಣು ಮುಚ್ಚಿರುತ್ತಿತ್ತು. ಆ ಕಡೆಯಿಂದ ಏನು ಬರುತ್ತಿದೆ ಎಂದು ಕಾಣುತ್ತಿರಲಿಲ್ಲ.

ಧೊಂಡಿಬಾ ಸಿಕ್ಕಿದ್ದು ಅಲ್ಲಿ. ಔರಾದ ಕಡೆಯ ಕುರಿ ಸಾಕುವವರ ಮಗ. ಮಚ್ಛೇಂದ್ರ ತಮ್ಮಷ್ಟಕ್ಕೆ ತಾವೇ ಏನೋ ಗೊಣಗಿದ್ದನ್ನು ಕೇಳಿ, "ನಮ್ಮ ಕಡಿಯವನೇನೋ?" ಎಂದು ಪಕ್ಕದಲ್ಲಿ ಬಂದು ಕೂತಿದ್ದ. ಮರುದಿನ ಅವರು ಫೋಟೊ ತೆಗೆಯುವುದನ್ನು ನೋಡಿ, "ನೀ ಕಣ್ಣು ಮುಚ್ಚು. ಆ ಕಡಿ ನಾ ನೋಡ್ತೇನಿ," ಎಂದ. ಅಂದಿನಿಂದ ಬಿಡುವಾದಾಗಲೆಲ್ಲ ಎಡಗಡೆ ನಿಲ್ಲುತ್ತಿದ್ದ.

ಆರನೆಯ ದಿನ ಬಿದಿರಿನ ಮೆಳೆಯೊಂದರ ಬಳಿ ಮಚ್ಛೇಂದ್ರ ಎದ್ದು ನಿಂತು ಕ್ಯಾಮೆರಾ ಎತ್ತಿದ್ದರು. ಧೊಂಡಿಬಾ ಅವರ ಬೆಲ್ಟು ಹಿಡಿದು ಎಳೆದ. ಇಬ್ಬರೂ ಕಾಲುವೆಗೆ ಬಿದ್ದರು. ಮೇಲೆ, ಅವರ ತಲೆ ಇದ್ದ ಎತ್ತರದಲ್ಲಿ, ಗುಂಡು ತಗುಲಿ ಬಿದಿರು ಸೀಳಿತು.

ಅದೇ ಸಂಜೆ ಧೊಂಡಿಬಾ ಮುಖ ತೊಳೆದು, ಅಂಗಿಯ ಗುಂಡಿ ಹಾಕಿಕೊಂಡು ಬಂದ. "ನಂದೊಂದು ತೆಗಿ. ಅವ್ವಗ ಕಳಸೋದದ."

ಕ್ಯಾಮೆರಾದಲ್ಲಿ ರೀಲು ಇರಲಿಲ್ಲ. ಉಳಿದಿದ್ದ ಒಂದೇ ರೀಲನ್ನು ಮರುದಿನ ನದಿ ದಾಟುವುದನ್ನು ತೆಗೆಯಲು ಇಡಬೇಕೆಂದು ಅಧಿಕಾರಿಯ ಅಪ್ಪಣೆಯಾಗಿತ್ತು. ಬೆಳಿಗ್ಗೆ ಜೀವ ಉಳಿಸಿದವನಿಗೆ ಇಲ್ಲ ಅನ್ನಲು ಮಚ್ಛೇಂದ್ರರ ಬಾಯಿ ಬರಲಿಲ್ಲ. ನಾಳೆ ಹೇಗಾದರೂ ಒಂದು ತೆಗೆದರಾಯಿತು ಎಂದುಕೊಂಡು ಕ್ಯಾಮೆರಾ ಕಣ್ಣಿಗೆ ಹಿಡಿದು ಗುಂಡಿ ಒತ್ತಿದರು. ಖಾಲಿ ಕ್ಯಾಮೆರಾದ ಸದ್ದೂ ಅದೇ. ಧೊಂಡಿಬಾ ಖುಷಿಯಿಂದ ಹೋಗಿ ಮನೆಗೆ ಕಾಗದ ಬರೆದ.

ನಸುಕಿನಲ್ಲಿ ಮಚ್ಛೇಂದ್ರರನ್ನು ಬೇರೆ ತುಕಡಿಯ ಜೊತೆ ಕಳಿಸಿದರು. ನದಿಯ ಆಚೆ ದಡದಲ್ಲಿ ಧೊಂಡಿಬಾ ಬಿದ್ದ ಸುದ್ದಿ ಮಧ್ಯಾಹ್ನದ ಮೇಲೆ ಬಂತು.

ಜಿಜಾಬಾಯಿ ಎಲ್ಲ ಕೇಳಿ ಆರಿದ ಚಹಾ ಪಕ್ಕಕ್ಕೆ ಸರಿಸಿದರು. "ಅವರ ಅವ್ವಗ ಒಂದು ಕಾಗದ ಬರಿಬೇಕಾಗಿತ್ರಿ."

"ಬರಿಲಾಕ ಕುಂದರ್ತಿದ್ದೆ. ಎರಡು ಸಾಲು ಬರದು ಹರಿತಿದ್ದೆ. ಫೋಟೊ ತೆಗದೇ ಇಲ್ಲ ಅಂತ ಹ್ಯಾಂಗ ಬರಿಲಿ?"

"ಈಗರ ಹೋಗಿ ಹೇಳ್ರಿ."

ಭಾನುವಾರ ಮಚ್ಛೇಂದ್ರ ಔರಾದಕ್ಕೆ ಹೋಗಿ, ಅಲ್ಲಿಂದ ಆಟೊ ಹಿಡಿದು ಧೊಂಡಿಬಾನ ಊರು ಸೇರಿದರು. ಚೀಲದಲ್ಲಿ ಒಂದು ಹಳೆಯ ಫೋಟೊ ಇತ್ತು. ಹೊಲದ ಬದುವಿನ ಮೇಲೆ ಸಾಲಾಗಿ ಹೋಗುತ್ತಿರುವ ಏಳು ಜನ ಸೈನಿಕರು, ಬೆನ್ನು ಮಾತ್ರ ಕಾಣುತ್ತಿತ್ತು. ಅಲುಗಾಡಿದೆಯೆಂದು ಅಧಿಕಾರಿ ಎಸೆದದ್ದನ್ನು ಅವರು ಎತ್ತಿಟ್ಟುಕೊಂಡಿದ್ದರು. ಮೂರನೆಯವನು ಧೊಂಡಿಬಾ ಎಂದು ಐವತ್ತು ವರ್ಷಗಳಿಂದ ನಂಬಿದ್ದರು.

ಧೊಂಡಿಬಾನ ತಂಗಿ ಹೀರಾಬಾಯಿ ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತ ಕೂತಿದ್ದಳು. ಅಣ್ಣ ಹೋದಾಗ ಆಕೆಗೆ ಹನ್ನೆರಡು ವರ್ಷ. ಮಗ ಹಣಮಂತ ಬಾಗಿಲಿಗೆ ಆತು ನಿಂತಿದ್ದ. ಅವನ ಮಗಳು ಕಾಜಲ ನೀರು ತಂದಿಟ್ಟಳು.

"ಫೋಟೊ ತಂದೀರೇನ್ರಿ ಅಣ್ಣಾ?" ಹೀರಾಬಾಯಿ ಮೊದಲು ಕೇಳಿದ್ದು ಅದನ್ನೇ.

ಮಚ್ಛೇಂದ್ರ ನೀರು ಮುಟ್ಟಲಿಲ್ಲ. "ಇಲ್ರಿ. ಆ ಫೋಟೊ ನಾ ತೆಗದೇ ಇಲ್ಲ. ಕ್ಯಾಮೆರಾದಾಗ ರೀಲು ಇರಲಿಲ್ಲ. ತೆಗದಂಗ ಮಾಡಿದೆ."

ಆಮೇಲೆ ಮೊದಲಿನಿಂದ ಎಲ್ಲವನ್ನೂ ಹೇಳಿದರು. ಬಿದಿರಿನ ಮೆಳೆ, ಬೆಲ್ಟು, ಗುಂಡಿ ಹಾಕಿದ ಅಂಗಿ. ಮಾತು ಮುಗಿಯುವ ಮೊದಲೇ ಹಣಮಂತ ಹೊರಗೆ ನಡೆದುಬಿಟ್ಟ.

"ನಮ್ಮವ್ವ ಆರು ವರ್ಷ ಟಪಾಲಿನವನ ದಾರಿ ಕಾಯ್ದಳ್ರಿ," ಎಂದಳು ಹೀರಾಬಾಯಿ. ದನಿ ಏರಿರಲಿಲ್ಲ. "ಫೌಜಿಗೆ ಸೇರಿದಾಗಿನ ಒಂದು ಸಣ್ಣ ಫೋಟೊ ಇತ್ತು. ಗೆದ್ದಲು ಹಿಡಿದು ಹೋಯ್ತು. ಇದೊಂದಾದರೂ ಬರ್ತದ ಅಂತಿದ್ದಳು. ನೀವು ಬಂದು ಇಲ್ಲ ಅಂದಿದ್ರೂ ಆಕಿಗೆ ನಡಿತಿತ್ತು."

"ಹೌದ್ರಿ," ಎಂದರು ಮಚ್ಛೇಂದ್ರ.

ಹೀರಾಬಾಯಿ ಮೊರ ಪಕ್ಕಕ್ಕಿಟ್ಟಳು. "ಗುಂಡಿ ಒತ್ತೂವಾಗ ಅವನ ಮುಖ ನೋಡೀರಿಲ್ಲ? ಹ್ಯಾಂಗಿತ್ತು ಹೇಳ್ರಿ."

"ಕೂದಲಿನ್ಯಾಗ ನೀರಿತ್ರಿ. ಗದ್ದಕ್ಕ ಬಿದಿರು ತರಚಿತ್ತು. ನಗಬಾರದು ಅಂತ ಬಾಯಿ ಗಟ್ಟಿ ಹಿಡಿದಿದ್ದ, ಖರೆ ಕಣ್ಣು ನಗತಿದ್ವು."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಚ್ಛೇಂದ್ರ ಚೀಲದಿಂದ ಹಳೆಯ ಫೋಟೊ ತೆಗೆದು ಕೊಟ್ಟರು. "ಮುಖ ಇಲ್ರಿ ಇದರಾಗ. ಮೂರನೆಯವ ಅವನೇ."

ಹೀರಾಬಾಯಿ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಇವ ಅಲ್ರಿ. ಹಿಂದಿನವ ನೋಡ್ರಿ, ಎಲ್ಲಾರಿಗಿಂತ ಹಿಂದಿನವ. ಬಂದೂಕು ಹೆಗಲ ಮ್ಯಾಲ ಅಡ್ಡ ಇಟ್ಟು ಎರಡೂ ಕೈ ಅದರ ಮ್ಯಾಲ ಹಾಕ್ಯಾನ. ಕುರಿ ಹಿಂದ ಬಡಗಿ ಕೋಲು ಇಟಗೊಂಡು ಹೀಂಗೇ ನಡಿತಿದ್ದ."

ಮಚ್ಛೇಂದ್ರ ಬಗ್ಗಿ ನೋಡಿದರು. ಹೌದು, ಅವನೇ. ಇಷ್ಟು ವರ್ಷ ಬೇರೆ ಯಾರದೋ ಬೆನ್ನನ್ನು ನೋಡುತ್ತ ಬಂದಿದ್ದೆನಲ್ಲ ಎನಿಸಿತು.

"ಇದು ನನಗಿರಲಿ," ಎಂದಳು ಹೀರಾಬಾಯಿ. "ನಿಮ್ಮ ಮ್ಯಾಲಿನ ಸಿಟ್ಟು ಇವತ್ತೇ ಹೋಗಂಗಿಲ್ರಿ. ಉಂಡು ಹೋಗ್ರಿ."

ಊಟವಾದ ಮೇಲೆ ಹಣಮಂತ ಬಂದು ಮೋಟರ್‌ಸೈಕಲ್ ತೆಗೆದ. ಮಚ್ಛೇಂದ್ರರನ್ನು ಹಿಂದೆ ಕೂರಿಸಿಕೊಂಡು ಔರಾದದ ಬಸ್ ನಿಲ್ದಾಣಕ್ಕೆ ಕರೆತಂದ. ಬೀದರದ ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ನೆರಳಲ್ಲಿ ನಿಂತರು.

"ಮಾಮಾ ಹೋಗೂವಾಗ ಭಾಳ ತ್ರಾಸ ಪಟ್ರೇನ್ರಿ?" ಹಣಮಂತ ರಸ್ತೆ ನೋಡುತ್ತ ಕೇಳಿದ.

ಇಲ್ಲಪ್ಪ, ಒಂದೇ ಕ್ಷಣದಾಗ ಹೋದ ಎಂದುಬಿಡಬಹುದಿತ್ತು. ಮಾತು ನಾಲಿಗೆಯವರೆಗೂ ಬಂದಿತ್ತು.

"ನನಗ ಗೊತ್ತಿಲ್ಲಪ್ಪ," ಎಂದರು ಮಚ್ಛೇಂದ್ರ. "ಆ ಹೊತ್ತಿನ್ಯಾಗ ನಾ ಅವನ ಹತ್ತಿರ ಇರಲಿಲ್ಲ."

ಹಣಮಂತ ತಲೆಯಾಡಿಸಿದ. ಬಸ್ಸು ಬಂದಾಗ ಚೀಲವನ್ನು ತಾನೇ ಎತ್ತಿ ಒಳಗಿಟ್ಟು, ಅವರಿಗೆ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟು ಇಳಿದ.