ಚೈತನ್ಯಾಳ ಮೂರನೆಯ ಅಧ್ಯಾಯ

“ನಿನ್ನಪ್ಪ ಕೂದಲು, ಉಗುರು ತಿಂದದ್ದನ್ನು ಪಿಎಚ್.ಡಿ.ಯಲ್ಲಿ ಬರೆಯುವುದು ಎಂತಕ್ಕೆ ಮಾರಾಯ್ತಿ? ಇದು ಯೂನಿವರ್ಸಿಟಿ, ಪೊಲೀಸ್ ಸ್ಟೇಷನ್ ಅಲ್ಲ.”

ಪ್ರೊಫೆಸರ್ ತಾರಾನಾಥರು ಹೀಗೆನ್ನುವಾಗ ಆ ಅಪ್ಪ ದೂಮಪ್ಪ ಬಾಗಿಲ ಬಳಿಯೇ ನಿಂತಿದ್ದ. ಅವನನ್ನೂ ಕರೆದುಕೊಂಡು ಬಾ ಎಂದು ಅವರೇ ಹೇಳಿದ್ದಕ್ಕೆ ಮಗಳು ಚೈತನ್ಯಾಳ ಸಂಗಡ ಬಜಗೋಳಿಯಿಂದ ಬಸ್ಸು ಹತ್ತಿ ಉಡುಪಿಗೆ ಬಂದವನು. ಕೋಣೆಯಲ್ಲಿ ಕುರ್ಚಿಗಳು ಬೇಕಾದಷ್ಟಿದ್ದವು. ಕೂರು ಅನ್ನುವ ಬಾಯಿ ಮಾತ್ರ ಇರಲಿಲ್ಲ.

“ನಡೆದದ್ದನ್ನೇ ಬರೆದದ್ದು ಸರ್,” ಎಂದಳು ಚೈತನ್ಯಾ. “ಅಜಲು ಅಂದರೆ ಅದೇ. ದೊಡ್ಡ ಮನೆಯ ಬಸುರಿಯ ದೋಷ ನಮ್ಮ ಕೊರಗ ಜಾತಿಯವನ ಹೊಟ್ಟೆಗೆ ಹೋಗಲಿ ಅಂತ ಅವಳ ಕೂದಲು, ಉಗುರು ಅನ್ನಕ್ಕೆ ಕಲಸಿ ಕೊಡುವುದು.”

“ಆ ದೊಡ್ಡ ಮನೆಯವರೇ ನಮಗೆ ಸಭಾಂಗಣ ಕಟ್ಟಿಸಿಕೊಟ್ಟದ್ದು, ಗೊತ್ತುಂಟಾ? ಮೂರನೆಯ ಅಧ್ಯಾಯ ತೆಗೆ. ಡೋಲಿನ ಬಗ್ಗೆ ಬರೆ, ಚಂದ ಆಗ್ತದೆ. ಇಲ್ಲದಿದ್ದರೆ ನನ್ನ ಸಹಿ ಇಲ್ಲ.” ಮತ್ತೆ ದೂಮಪ್ಪನ ಕಡೆ ತಿರುಗಿದರು. “ನಾಡಿದ್ದು ಸೆಮಿನಾರಿಗೆ ನೀನೇ ಬಾರಿಸಬೇಕು. ಅಂಗಿ ಹಾಕಬೇಡ, ಒರಿಜಿನಲ್ ಕಾಣಬೇಕು.”

“ಆಯ್ತು ಧನಿ. ಅವಳಿಗೆ ಸಹಿ ಒಂದು ಹಾಕಿ ಕೊಡಿ.”

ಹೊರಗೆ ಬಂದು ದೂಮಪ್ಪ, “ಬೇವರ್ಸಿ ನನ್ನ ಮಗ,” ಎಂದು ಉಗಿದ. ಇನ್ನು ಡೋಲು ಮುಟ್ಟುವುದಿಲ್ಲವೆಂದು ಮಗಳು ಹುಟ್ಟಿದ ದಿನವೇ ಆಣೆ ಹಾಕಿದವನು ಅವನು. ಮಗಳು ಡಾಕ್ಟರ್ ಆಗುವುದಕ್ಕೆ ಅಡ್ಡ ಬರುವ ಆಣೆ ಹಾಳಾಗಿ ಹೋಗಲಿ ಎಂದುಕೊಂಡ.

ಸೆಮಿನಾರಿನ ದಿನ ಬರಿಮೈಯಲ್ಲಿ ವೇದಿಕೆಯ ಮೂಲೆಗೆ ನಿಂತು ಬಾರಿಸಿದ. ಮುಂದಿನ ಸಾಲಿನಲ್ಲಿದ್ದ ದೊಡ್ಡ ಮನೆಯವರೂ ಚಪ್ಪಾಳೆ ತಟ್ಟಿದರು. ವಂದನಾರ್ಪಣೆ ಚೈತನ್ಯಾಳದ್ದು. ಅವಳು ಯಾರನ್ನೂ ವಂದಿಸಲಿಲ್ಲ. ಮೂರನೆಯ ಅಧ್ಯಾಯ ತೆಗೆದು ಓದತೊಡಗಿದಳು. ಆ ಮನೆಯ ಹೆಸರು ಬಂದದ್ದೇ ತಡ, ಮೈಕ್ ಬಂದ್ ಆಯಿತು. ಆದರೂ ಓದಿದಳು.

“ದೂಮಪ್ಪಾ, ಬಾರಿಸೋ! ಜೋರು ಬಾರಿಸು!” ತಾರಾನಾಥರು ಕೂಗಿದರು. “ಮಗಳಿಗೆ ಡಿಗ್ರಿ ಬೇಕಾ, ಬೇಡವಾ?”

ಬೇಕಿತ್ತು. ಅದೊಂದೇ ಬೇಕಿತ್ತು. ದೂಮಪ್ಪ ಬಾರಿಸಿದ. ಮಗಳ ದನಿ ಮುಳುಗಿ, ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಯಾವ ಮಾತಿಗೆ ಬಂದಿದ್ದಾಳೆಂದು ಅವನಿಗೆ ತುಟಿ ನೋಡಿಯೇ ತಿಳಿಯುತ್ತಿತ್ತು. ಹೆಂಡತಿಗೂ ಹೇಳದ್ದನ್ನು ಅವಳಿಗೆ ಹೇಳಿ ಬರೆಸಿದವನು ಅವನೇ ಅಲ್ಲವೇ. ಕಣ್ಣು ಮಂಜಾಯಿತು. ಕೈ ನಿಂತಿತು.

ಸಭಾಂಗಣದಲ್ಲಿ ಮೈಕಿಲ್ಲದ ದನಿ ಹಿಂದಿನ ಗೋಡೆಯವರೆಗೂ ಕೇಳಿಸಿತು:

“ಅಪ್ಪ ವಾಂತಿ ಮಾಡಿದ. ಅಂಗಳ ಹೊಲಸಾಯಿತೆಂದು ಅವನ ಕೈಯಲ್ಲೇ ಬಾಚಿಸಿದರು. ಆಮೇಲೆ, ಬಾರಿಸೋ ಅಂದರು.”